ಆಸ್ಪತ್ರೆಗೆ ಜೊತೆಗೆ ಯಾರು ಹೋಗುತ್ತಾರೆ?

ನಮ್ಮ ಆಫೀಸಿಗೆ ಬರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಬಟ್ಟೆ ಅಂಗಡಿಯದ್ದೋ, ಬೇಕರಿಯದ್ದೋ. ಅದನ್ನು ಮೇಜಿನ ಮೇಲೆ ಸುರಿದರೆ ಕಾಯಿಲೆಯ ಪೂರ್ತಿ ಕಥೆ ಹೊರಗೆ ಬೀಳುತ್ತದೆ. ಮಾಸಿದ ಓಪಿ ಚೀಟಿ, ಮೂರು ಕಡೆ ಮಾಡಿಸಿದ ಒಂದೇ ರಕ್ತ ಪರೀಕ್ಷೆ, ಮಡಚಿ ಮಡಚಿ ಗೆರೆ ಬಿದ್ದ ಎಕ್ಸ್‌ರೇ, ಆಧಾರ್ ಜೆರಾಕ್ಸ್ ನಾಲ್ಕು, ಮೆಡಿಕಲ್ ಶಾಪಿನ ಬಿಲ್ಲುಗಳು. ಬೇಕಾದ ಕಾಗದ ಒಂದು ಮಾತ್ರ ಅದರಲ್ಲಿ ಇರುವುದಿಲ್ಲ.

ನಾನು ಬೆಂಗಳೂರಿನ ಒಂದು ಸಣ್ಣ ಟ್ರಸ್ಟ್‌ನಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್. ಟ್ರಸ್ಟ್ ಅಂದ ತಕ್ಷಣ ಎಲ್ಲರೂ ಕೇಳುವುದು, "ಆಪರೇಷನ್‌ಗೆ ಎಷ್ಟು ಕೊಡ್ತೀರಾ?" ಅಂತ. ನಿಜ ಹೇಳಬೇಕಂದರೆ ನಾವು ಆಪರೇಷನ್‌ಗೆ ದುಡ್ಡು ಕೊಡುವುದು ತೀರಾ ಕಡಿಮೆ. ಆ ದುಡ್ಡು ಬಹಳಷ್ಟು ಸಲ ಸರ್ಕಾರದ ಹತ್ತಿರವೇ ಇರುತ್ತದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಕಾರ್ಡ್ ಇಲ್ಲದಿದ್ದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ಮಿಕ್ಕಿದ್ದು ರೋಗಿಯ ತಲೆ ಮೇಲೆ. ಹಾಗಾಗಿ ಮೊದಲು ಬಿಡಿಸಬೇಕಾದ ಗಂಟು ರೇಷನ್ ಕಾರ್ಡ್‌ದು.

ಯಾದಗಿರಿ ಕಡೆಯ ಒಬ್ಬರು ಗಾರೆ ಕೆಲಸದ ಹೆಂಗಸು ನಮ್ಮಲ್ಲಿಗೆ ಬಂದರು. ಸರ್ಜಾಪುರ ರಸ್ತೆಯ ಒಂದು ಸೈಟಿನ ಪಕ್ಕ, ನೀಲಿ ಟಾರ್ಪಾಲಿನ ಶೆಡ್‌ನಲ್ಲಿ ಗಂಡ, ಎರಡು ಮಕ್ಕಳ ಜೊತೆ ಇದ್ದರು. ಹದಿನೈದು ಮೆಟ್ಟಿಲು ಹತ್ತಿದರೆ ಏದುಸಿರು. ಚಿಕ್ಕವರಿದ್ದಾಗ ಗಂಟಲು ನೋವು, ಕೀಲು ಬಾವು ಬಂದು ಹೋಗಿತ್ತಂತೆ. ಆಗ ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಗಂಟಲಿನ ಆ ಸೋಂಕಿನ ಬೆನ್ನಿಗೆ ಬರುವ ಜ್ವರವೇ ಹೃದಯದ ವಾಲ್ವ್ ಹಾಳು ಮಾಡುತ್ತದೆ. ಬಡವರ ಮನೆಯ ಮಕ್ಕಳಲ್ಲಿ ಇದು ಜಾಸ್ತಿ. ಒಂದು ನರ್ಸಿಂಗ್ ಹೋಮ್‌ನಲ್ಲಿ ಎಸ್ಟಿಮೇಟ್ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಅವರು ಎಂಟು ತಿಂಗಳು ಕವರಿನಲ್ಲಿ ಇಟ್ಟುಕೊಂಡು ಸುಮ್ನೆ ಕೂತಿದ್ದರು.

"ಯಾಕಮ್ಮ ಇಷ್ಟು ದಿನ ಸುಮ್ಮನಿದ್ರಿ?" ಅಂದೆ.

"ದವಾಖಾನಿಗಿ ಹೋದ್ರ ಇಬ್ಬರ ಪಗಾರ ಹೋಗ್ತದ್ರಿ ಅಕ್ಕಾರ. ನಂದೂ ಹೋಗ್ತದ, ಅವರದೂ ಹೋಗ್ತದ."

ಗಂಡನ ಮನೆಗೆ ಬಿಪಿಎಲ್ ಕಾರ್ಡ್ ಇತ್ತು. ಕಾರ್ಡ್ ಊರಲ್ಲಿ ಅತ್ತೆಯ ಟ್ರಂಕಿನಲ್ಲಿ. ಫೋಟೋ ತೆಗೆಸಿ ವಾಟ್ಸಾಪ್‌ನಲ್ಲಿ ತರಿಸಿದೆವು. ನೋಡಿದರೆ ಇವರ ಹೆಸರೇ ಇಲ್ಲ! ಮದುವೆ ಆದ ಮೇಲೆ ತವರಿನ ಕಾರ್ಡಿನಿಂದ ಹೆಸರು ತೆಗೆಸಿದ್ದರು, ಗಂಡನ ಮನೆ ಕಾರ್ಡಿಗೆ ಸೇರಿಸಿರಲಿಲ್ಲ. ಎರಡು ಮನೆಗಳ ಮಧ್ಯೆ ಹೆಣ್ಣುಮಗಳು ಬಿದ್ದುಹೋಗಿದ್ದಳು. ಇದು ಅಪರೂಪದ ಕೇಸ್ ಅಲ್ಲ. ಮದುವೆಯಾದ ಹೆಂಗಸರು ಬಂದರೆ ನಾನು ಈಗ ಮೊದಲು ಕೇಳುವುದೇ ಇದನ್ನು.

ಹೆಸರು ಸೇರಿಸಲು ಆಹಾರ ಇಲಾಖೆಯ ಪೋರ್ಟಲ್ ತೆರೆದಿರಬೇಕು. ಅದು ಯಾವಾಗ ಬೇಕೋ ಆವಾಗ ತೆರೆದಿರುವುದಿಲ್ಲ. ತೆರೆದ ದಿನ ಸರ್ವರ್ ಡೌನ್. ಬೆರಳಚ್ಚು ಕೊಡಲು ಹೋದರೆ ಸಿಮೆಂಟ್ ತಿಂದ ಬೆರಳನ್ನು ಯಂತ್ರ ಗುರುತು ಹಿಡಿಯುವುದಿಲ್ಲ. ಓಟಿಪಿ ಹೋಗುವ ನಂಬರ್ ಹಳೇ ಮೇಸ್ತ್ರಿಯದು. ಇವನ್ನೆಲ್ಲ ಒಂದೊಂದಾಗಿ ಬಿಡಿಸಲು ನಮ್ಮ ಹುಡುಗನೊಬ್ಬ ಎರಡು ಸಲ ಯಾದಗಿರಿಗೆ ಹೋಗಿಬಂದ. ರೈಲಿನ ಟಿಕೆಟ್, ಊಟ ಸೇರಿ ಆದ ಖರ್ಚನ್ನು ಆಪರೇಷನ್ ಖರ್ಚಿಗೆ ಹೋಲಿಸಿದರೆ ನಗು ಬರುತ್ತದೆ. ಅಷ್ಟರಿಂದ ಸರ್ಕಾರಿ ಹೃದ್ರೋಗ ಆಸ್ಪತ್ರೆಯಲ್ಲಿ ವಾಲ್ವ್ ಬದಲಾಯಿತು. ಅವರ ಕೈಯಿಂದ ಬಿಲ್ ಕಟ್ಟಲಿಲ್ಲ.

ಎರಡನೇ ಗಂಟು ರೆಫರಲ್. ಬಿಪಿಎಲ್ ಕಾರ್ಡ್ ಇದ್ದರೂ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿಕೊಂಡರೆ ಯೋಜನೆ ಸಿಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದರೆ ಅವರೇ ಪತ್ರ ಬರೆದುಕೊಡುತ್ತಾರೆ. ತುರ್ತು ಸ್ಥಿತಿಗೆ ಮಾತ್ರ ವಿನಾಯಿತಿ. ಯೋಜನೆ ಇರುವ ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ' ಅಂತ ಒಬ್ಬರು ಕೂತಿರುತ್ತಾರೆ, ಅಡ್ವಾನ್ಸ್ ಕಟ್ಟುವ ಮೊದಲು ಅವರನ್ನು ಹುಡುಕಿ ಮಾತಾಡಬೇಕು. ನಮಗೆ ಫೋನ್ ಬರುವುದು ಯಾವಾಗ ಗೊತ್ತಾ? ರೋಗಿ ನಾಲ್ಕು ದಿನ ಐಸಿಯುನಲ್ಲಿದ್ದು, ಓಲೆ ಅಡ ಇಟ್ಟು, ಇನ್ನು ಏನೂ ಉಳಿದಿಲ್ಲ ಅನ್ನುವಾಗ. ಆಗ ನಾವು ಮಾಡಬಹುದಾದ್ದು ಬಹಳ ಕಡಿಮೆ. ರೋಗಿ ತೀರಿಕೊಂಡ ಮೇಲೆ ಬಿಲ್ ಬಾಕಿ ಅಂತ ದೇಹ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ಆಗಿ ಇದು ಸೇರಿದೆ. ಕೌಂಟರಿನಲ್ಲಿ ನಿಂತು ಇದನ್ನು ನೆನಪಿಸುವುದೂ ನಮ್ಮ ಕೆಲಸದಲ್ಲಿ ಸೇರಿದೆ. ಆ ದಿನ ಊಟ ಇಳಿಯುವುದಿಲ್ಲ.

ನಮ್ಮ ತಪ್ಪೂ ಇದೆ. ಶುರುವಿನ ವರ್ಷಗಳಲ್ಲಿ ನಾವು ಬರೀ ಕ್ಯಾಂಪ್ ಮಾಡುತ್ತಿದ್ದೆವು. ಭಾನುವಾರ ಶಾಮಿಯಾನ, ಬ್ಯಾನರ್, ಬಿಪಿ-ಶುಗರ್ ಟೆಸ್ಟ್, ಕೊನೆಗೆ ಒಂದು ಗ್ರೂಪ್ ಫೋಟೋ. ಶುಗರ್ ಜಾಸ್ತಿ ಇದ್ದವರಿಗೆಲ್ಲ "ಆಸ್ಪತ್ರೆಗೆ ಹೋಗಿ" ಅಂತ ಚೀಟಿ ಕೊಟ್ಟು ಕಳಿಸಿದೆವು. ತಿಂಗಳು ಬಿಟ್ಟು ಅದೇ ಬೀದಿಗೆ ಹೋಗಿ ಕೇಳಿದರೆ, ಹೋದವರು ಬೆರಳೆಣಿಕೆ. ಒಬ್ಬ ಅಜ್ಜಿ ಆ ಚೀಟಿಯಲ್ಲಿ ಎಲೆ ಅಡಿಕೆ ಕಟ್ಟಿಟ್ಟಿದ್ದರು. ಕ್ಯಾಂಪ್ ಬೇಡ ಅಂತ ಅಲ್ಲ. ಮರುದಿನ ಕೈ ಹಿಡಿದು ಕರೆದುಕೊಂಡು ಹೋಗುವವರಿಲ್ಲದ ಕ್ಯಾಂಪ್ ನನಗೆ ಬೇಡ.

ಈಗ ವಾರ್ಡುಗಳಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್'‌ಗಳಿವೆ. ಬಿಪಿ, ಶುಗರ್ ಮಾತ್ರೆ ಪುಕ್ಕಟೆ. ಒಳ್ಳೇದೇ ಆಯಿತು. ಆದರೆ ಅವು ಹೆಚ್ಚಾಗಿ ತೆರೆದಿರುವುದು ಬೆಳಗ್ಗೆ 9ರಿಂದ ಸಂಜೆ 4.30ರವರೆಗೆ. ಮನೆಕೆಲಸದವರು, ಪೌರಕಾರ್ಮಿಕರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸದಲ್ಲಿರುವುದೂ ಅದೇ ಹೊತ್ತಿಗೆ ಅಲ್ವಾ? ಅದಕ್ಕೇ ಓಣಿಯ ಒಬ್ಬ ಅಕ್ಕನಿಗೆ ಸಣ್ಣ ಗೌರವಧನ ಕೊಟ್ಟು, ಹತ್ತು ಮನೆಯ ಮಾತ್ರೆ ತಂದುಕೊಡುವ ಜವಾಬ್ದಾರಿ ಒಪ್ಪಿಸಿದ್ದೇವೆ. ಯಾರ ಮಾತ್ರೆ ಮುಗಿಯಿತು, ಯಾರು ಹಬ್ಬಕ್ಕೆ ಊರಿಗೆ ಹೋದರು, ಎಲ್ಲ ಅವರಿಗೆ ಗೊತ್ತು.

2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಉಚಿತ ಆದಮೇಲೆ ನಮ್ಮ ಲೆಕ್ಕದ ಪುಸ್ತಕ ಸ್ವಲ್ಪ ಹಗುರಾಯಿತು. ಆದರೆ ಡಯಾಲಿಸಿಸ್ ಮುಗಿಸಿದ ಮನುಷ್ಯ ಬಸ್ಸಿನಲ್ಲಿ ನಿಂತು ಬರಲಾರ. ವಾರಕ್ಕೆ ಎರಡೋ ಮೂರೋ ಸಲ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ, ಆಟೋ ಉಚಿತ ಅಲ್ಲ. ಕ್ಷಯದ್ದೂ ಹೀಗೇ. ಆರು ತಿಂಗಳ ಔಷಧಿ ಉಚಿತ. ಆಹಾರಕ್ಕೆ ಸರ್ಕಾರ ಕೊಡುವ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ. ಅದು ಬ್ಯಾಂಕ್ ಖಾತೆಗೇ ಬರಬೇಕು, ಖಾತೆ ಮಾಡಿಸಬೇಕು. ಅಲ್ಲಿವರೆಗೆ ರಾಗಿ, ಬೇಳೆ, ಮೊಟ್ಟೆ ನಮ್ಮದು.

ವಾಸಿ ಆಗುವುದಿಲ್ಲ ಅಂತ ಗೊತ್ತಾದ ಕ್ಯಾನ್ಸರ್ ರೋಗಿಗಳನ್ನು ಕರುಣಾಶ್ರಯಕ್ಕೆ ಕಳಿಸುತ್ತೇವೆ. 1994ರಲ್ಲಿ ಶುರುವಾದ ಟ್ರಸ್ಟ್ ಅದು. ನೋವು ಕಡಿಮೆ ಮಾಡುತ್ತಾರೆ, ಗಾಯ ತೊಳೆಯುತ್ತಾರೆ, ಒಂದು ಪೈಸೆ ಕೇಳುವುದಿಲ್ಲ. ಮನೆಯವರು ಮೊದಲು ಒಪ್ಪುವುದಿಲ್ಲ, "ಸಾಯೋಕೆ ಕಳಿಸ್ತೀರಾ?" ಅಂತ ಜಗಳಕ್ಕೇ ಬರುತ್ತಾರೆ. ಒಂದು ಸಲ ಹೋಗಿ ನೋಡಿಬಂದ ಮೇಲೆ ಮಾತು ಬದಲಾಗುತ್ತದೆ. ಗಾಲಿಕುರ್ಚಿ, ಕೃತಕ ಕಾಲು ಅಂದರೆ ಅಂಗವಿಕಲರಿಗಾಗಿ 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಸಂಸ್ಥೆ ಇದೆ. ಯಾರ ಹತ್ತಿರ ಏನು ಸಿಗುತ್ತದೆ ಅನ್ನುವ ಈ ಪಟ್ಟಿ ತಲೆಯಲ್ಲಿ ಇರುವುದೇ ಅರ್ಧ ಕೆಲಸ.

ದಾನಿಗಳ ಮೇಲೆ ನನಗೊಂದು ಸಣ್ಣ ಸಿಟ್ಟಿದೆ. ಮಗುವಿನ ಆಪರೇಷನ್ ಅಂದರೆ ತಕ್ಷಣ ಕೊಡುತ್ತಾರೆ. ಬೆಳಗ್ಗೆ ಆರಕ್ಕೆ ಕ್ಯೂನಲ್ಲಿ ನಿಲ್ಲುವ ಹುಡುಗನ ಸಂಬಳಕ್ಕೆ ಅಂದರೆ, "ಅದು ಅಡ್ಮಿನ್ ಖರ್ಚಲ್ವಾ ಮೇಡಂ?" ಅನ್ನುತ್ತಾರೆ. ಯಾದಗಿರಿಗೆ ಎರಡು ಸಲ ಹೋಗಿಬಂದದ್ದು ಅದೇ ಹುಡುಗ.

ಆ ಹೆಣ್ಣುಮಗಳದ್ದು ಇನ್ನೂ ಮುಗಿದಿಲ್ಲ. ಲೋಹದ ವಾಲ್ವ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಜೀವಮಾನ ಪೂರ್ತಿ ಮಾತ್ರೆ ನುಂಗಬೇಕು. ಪ್ರಮಾಣ ಸರಿ ಇದೆಯಾ ಅಂತ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮೊನ್ನೆ ಪರೀಕ್ಷೆಯ ದಿನ ಅವರು ಬರಲಿಲ್ಲ. ನಮ್ಮ ಹುಡುಗ ಸರ್ಜಾಪುರ ರಸ್ತೆಗೆ ಹೋಗಿ ನೋಡಿದರೆ ಶೆಡ್‌ಗಳೇ ಇಲ್ಲ, ಕಟ್ಟಡ ಮುಗಿದು ಗೇಟಿಗೆ ಸೆಕ್ಯುರಿಟಿ ಬಂದಿದ್ದಾನೆ. ಮೇಸ್ತ್ರಿಗೆ ಫೋನ್ ಮಾಡಿದೆ.

"ದೇವನಹಳ್ಳಿ ಕಡಿ ಹೊಸಾ ಸೈಟಿಗಿ ಹೋಗ್ಯಾರ್ರಿ ಮೇಡಂ. ಯಾವ್ದಂತ ಕೇಳಿ ಹೇಳ್ತೀನಿ, ಸಂಜಿಗಿ ಮಾಡ್ರಿ."