ಯಾವ ಮದುವೆಯ ಸೋದರಮಾವ?

ಕೆಲವು ವರ್ಷದ ಹಿಂದೆ ತುಮಕೂರಲ್ಲಿ ಒಂದು ರಿಸೆಪ್ಷನ್, ಆರ್ಕೆಸ್ಟ್ರಾಗೆ ಸೌಂಡ್ ನಮ್ದು. ಸಿಂಗರ್ ಹಾಡು ಮುಗಿಸಿ ಮೈಕ್ ಆಫ್ ಮಾಡಿದ್ದೇ ತಡ, ನಮ್ಮ ಸ್ಪೀಕರಿಂದ ಯಾರೋ ಪುರೋಹಿತರ ದನಿ, "ಹುಡುಗಿ ಸೋದರಮಾವ ಎಲ್ಲಿದ್ರೂ ಬೇಗ ಬರ್ಬೇಕು" ಅಂತ. ನಮ್ಮ ಕಡೆ ಸೋದರಮಾವ ಪಾಪ ಊಟದ ಹಾಲಿಂದ ಕೈ ಒರೆಸ್ಕೊಂಡು ಓಡಿ ಬಂದೇ ಬಿಟ್ರು! ಕರೆದಿದ್ದು ಕಾಂಪೌಂಡ್ ಆಚೆ ಛತ್ರದಲ್ಲಿ ನಡೀತಿದ್ದ ವರಪೂಜೆಯವರು.

ಆಗಿದ್ದಿಷ್ಟೇ. ನಮ್ಮ ಹತ್ರ ಇದ್ದ ಒಂದು ಕಾರ್ಡ್‌ಲೆಸ್ ಮತ್ತೆ ಅವರದ್ದು ಎರಡೂ ಫಿಕ್ಸೆಡ್ ಫ್ರೀಕ್ವೆನ್ಸಿ ಸೆಟ್ಟು, ಅಂದ್ರೆ ಫ್ರೀಕ್ವೆನ್ಸಿ ಬದಲಾಯಿಸೋಕಾಗಲ್ಲ, ಹಿಂದಿನ ಸ್ಟಿಕ್ಕರಲ್ಲಿ ಒಂದೇ ಫ್ರೀಕ್ವೆನ್ಸಿ ನಂಬರು. ಮೈಕಿನ ಸಿಗ್ನಲ್ ಹಿಡಿಯೋ ಇಂಥ ರಿಸೀವರಿಗೆ ಇದು ನಮ್ಮ ಮೈಕು ಅದು ಅವರ ಮೈಕು ಅಂತೇನೂ ಗೊತ್ತಿರಲ್ಲ, ಎಫ್ಎಂನಲ್ಲಿ ಯಾವ ಸಿಗ್ನಲ್ ಜೋರಾಗಿದ್ಯೋ ಅದೇ ಗೆಲ್ಲತ್ತೆ, ನಮ್ಮದು ಹತ್ತಿರ ಇದ್ದಿದ್ರಿಂದ ಹಾಡೋವಾಗೆಲ್ಲ ಅವರನ್ನ ಅದುಮಿ ಹಿಡಿದಿತ್ತು, ಆಫ್ ಆದ ತಕ್ಷಣ ಜಾಗ ಖಾಲಿ, ಅವರು ಒಳಗೆ ಬಂದ್ರು. ಅದಕ್ಕೇ ನಾನು ಈಗ ಪ್ರೋಗ್ರಾಂ ಮುಗಿಯೋವರೆಗೂ ಯಾರಿಗೂ ಮೈಕ್ ಆಫ್ ಮಾಡೋಕೆ ಬಿಡಲ್ಲ. ಬೇಡದಿದ್ದಾಗ ಮಿಕ್ಸರಲ್ಲಿ ಮ್ಯೂಟ್ ಮಾಡ್ತೀನಿ, ಮೈಕೊಳಗೆ ಸಿಗ್ನಲ್ ಕಳಿಸೋ ಟ್ರಾನ್ಸ್‌ಮಿಟರ್ ಮಾತ್ರ ಉರೀತಿರ್ಲಿ. ಬ್ಯಾಟರಿ ಉಳಿಸೋಕೆ ಹೋಗಿ ಮರ್ಯಾದೆ ಕಳ್ಕೊಳ್ಳೋದು ಬೇಡ.

ಆದ್ರೆ ಪಕ್ಕದ ಛತ್ರ ಅನ್ನೋದು ಅಪರೂಪ. ನನ್ನ ಅನುಭವದಲ್ಲಿ ಮೈಕ್ ಕರಕರ ಅನ್ನೋಕೆ ಮುಕ್ಕಾಲುಪಾಲು ನಾವೇ ಕಾರಣ, ನಮ್ಮ ಮೈಕುಗಳೇ ಒಂದಕ್ಕೊಂದು ಕಾಲು ಎಳೀತಿರ್ತವೆ. ಹೊಸ ಹುಡುಗರು ಮಾಡೋ ತಪ್ಪು ಏನಂದ್ರೆ ಮೈಕುಗಳ ಫ್ರೀಕ್ವೆನ್ಸಿ ಮಧ್ಯೆ ಸಮ ಅಂತರ ಬಿಡೋದು. 600.0, 600.4, 600.8 ಮೆಗಾಹರ್ಟ್ಜ್ ಅಂತ ಇಡ್ತಾರೆ, ನೋಡೋಕೆ ಚೆಂದ. ಎರಡು ಟ್ರಾನ್ಸ್‌ಮಿಟರ್ ಹತ್ತಿರ ಬಂದಾಗ ಅವುಗಳ ಸಿಗ್ನಲ್ ಬೆರೆತು ಹೊಸ ಸಿಗ್ನಲ್ ಹುಟ್ಟತ್ತೆ, ಇದಕ್ಕೆ ಇಂಟರ್‌ಮಾಡ್ಯುಲೇಷನ್ ಅಂತಾರೆ, ಲೆಕ್ಕ ಸುಲಭ: ಒಂದನ್ನ ಡಬಲ್ ಮಾಡಿ ಇನ್ನೊಂದನ್ನ ಕಳೀರಿ. 600.4ರ ಡಬಲ್ 1200.8, ಅದರಲ್ಲಿ 600.0 ಕಳೆದ್ರೆ 600.8, ಅಂದ್ರೆ ಸೀದಾ ಮೂರನೇ ಮೈಕಿನ ತಲೆ ಮೇಲೆ. ಮೂರನೇದನ್ನ 601.3ಕ್ಕೆ ತಳ್ಳಿದ್ರೆ ಬಚಾವ್. ನಾಲ್ಕೈದು ಮೈಕ್ ಆದ್ರೆ ಕೈಲೆಕ್ಕ ಬೇಡ, ರಿಸೀವರಲ್ಲೇ ಗ್ರೂಪ್ ಅಂತ ಇರತ್ತೆ, ಒಂದಕ್ಕೊಂದು ಕಾಲು ಎಳೆಯದ ಫ್ರೀಕ್ವೆನ್ಸಿಗಳನ್ನ ಕಂಪನಿಯವರು ಲೆಕ್ಕ ಹಾಕಿ ಇಟ್ಟಿರೋದು, ಎಲ್ಲಾ ಮೈಕನ್ನೂ ಒಂದೇ ಗ್ರೂಪಿನ ಬೇರೆಬೇರೆ ಚಾನೆಲ್ಲಿಗೆ ಹಾಕಿ. ಬೇರೆ ಕಂಪನಿ ಸೆಟ್ಟು ಜೊತೆಗಿದ್ರೆ ಮಾತ್ರ ಈ ಗ್ರೂಪ್ ನಂಬೋಕಾಗಲ್ಲ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರಲ್ಲ ನೋಡಿ.

ಸ್ಕ್ಯಾನ್ ಮಾಡೋದಕ್ಕೂ, ಅಂದ್ರೆ ಯಾವ ಫ್ರೀಕ್ವೆನ್ಸಿ ಖಾಲಿ ಇದೆ ಅಂತ ರಿಸೀವರಲ್ಲಿ ಹುಡುಕೋದಕ್ಕೂ ಒಂದು ಕ್ರಮ ಇದೆ. ಮೊದಲು ನಮ್ಮ ಮೈಕೆಲ್ಲ ಆಫ್, ಆದ್ರೆ ಎಲ್‌ಇಡಿ ವಾಲ್, ಲೈಟು, ವಿಡಿಯೋದವರ ವೈರ್‌ಲೆಸ್ಸು ಎಲ್ಲಾ ಆನ್ ಇರ್ಬೇಕು. ಮಧ್ಯಾಹ್ನ ಖಾಲಿ ಹಾಲಲ್ಲಿ ಸ್ಕ್ಯಾನ್ ಮಾಡಿ ಸಂಜೆ ವಾಲ್ ಆನ್ ಆದಾಗ ತಲೆ ಚಚ್ಕೊಂಡವನು ನಾನು, ಅಗ್ಗದ ಪವರ್ ಸಪ್ಲೈ ಇರೋ ವಾಲು ಎಷ್ಟು ಗಲೀಜು ಮಾಡತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಸ್ಕ್ಯಾನ್ ಆಗಿ ಮೊದಲನೇ ಮೈಕಿಗೆ ಫ್ರೀಕ್ವೆನ್ಸಿ ಕೊಟ್ಟ ಮೇಲೆ ಅದನ್ನ ಆನ್ ಇಟ್ಕೊಂಡೇ ಎರಡನೇದಕ್ಕೆ ಹೋಗಿ, ಹಂಗೇ ಮುಂದೆ. ಆನ್ ಇರೋ ಮೈಕುಗಳನ್ನ ರಿಸೀವರ್ ಪಕ್ಕ ಗುಡ್ಡೆ ಹಾಕ್ಬೇಡಿ, ಒಂದಷ್ಟು ದೂರ ಇಡಿ.

ಹಳೇ ಸೆಟ್ಟು ಇರೋರು ಒಂದ್ಸಲ ನಂಬರ್ ನೋಡ್ಕೊಳ್ಳಿ. 700 ಮೆಗಾಹರ್ಟ್ಜ್ ಬ್ಯಾಂಡಿನ ಒಂದು ಪಾಲನ್ನ 2022ರ ಹರಾಜಲ್ಲಿ ಜಿಯೋ ತಗೊಂಡಾಗಿದೆ, ಆ ಬ್ಯಾಂಡಲ್ಲಿ 703ರಿಂದ 748 ಫೋನುಗಳು ಮಾತಾಡೋ ಜಾಗ, 758ರಿಂದ 803 ಟವರು. 740-790 ಅಂತ ಬರೆದಿರೋ ಸೆಟ್ಟು ಹಿಂದೆ ಚೆನ್ನಾಗೇ ಓಡಿರಬಹುದು, ಈಗ ಅದಕ್ಕೆ ದುಡ್ಡು ಸುರೀಬೇಡಿ. 2.4 ಗಿಗಾಹರ್ಟ್ಜಿನ ಪುಟ್ಟ ಕಾಲರ್ ಮೈಕ್ ಯೂಟ್ಯೂಬ್ ಮಾಡೋಕೆ ಓಕೆ, ಖಾಲಿ ಹಾಲಲ್ಲೂ ಸಕತ್ತಾಗಿ ಬರತ್ತೆ, ಐನೂರು ಜನ ವೈಫೈ ಬ್ಲೂಟೂತ್ ಆನ್ ಇರೋ ಫೋನ್ ಜೇಬಲ್ಲಿ ಇಟ್ಕೊಂಡು ಬಂದು ಕೂತ ಮೇಲೆ ನೋಡಿ ಅದರ ಅವಸ್ಥೆ.

ಇನ್ನು ಆಂಟೆನಾ. ರಿಸೀವರನ್ನ ರ‍್ಯಾಕ್ ಒಳಗೆ ತೂರಿಸಿ ಬಾಗಿಲು ಹಾಕಿ ಆಮೇಲೆ ಇಂಟರ್‌ಫಿಯರೆನ್ಸ್ ಅಂತ ಬೈತಾರೆ. ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು, ಸಿಗ್ನಲ್ ಕುಡಿದು ಬಿಡತ್ತೆ, ಹಾಗಾಗಿ ಆಂಟೆನಾ ಜನರ ತಲೆಗಿಂತ ಮೇಲೆ, ಸ್ಟೇಜಿಗೆ ಎದುರಾಗಿ ಇರ್ಬೇಕು, ಎರಡನ್ನೂ ವಿ ಆಕಾರಕ್ಕೆ ಬಿಡಿಸಿಡಿ. ಸಿಂಗರುಗಳಿಗೆ ಮೈಕಿನ ಬುಡ ಮುಷ್ಟಿಲಿ ಹಿಡೀಬೇಡಿ ಅನ್ನಿ, ಬಹಳಷ್ಟು ಮೈಕಲ್ಲಿ ಆಂಟೆನಾ ಇರೋದೇ ಅಲ್ಲಿ. ನಾಟಕದಲ್ಲಿ ಬೆವರು ಇನ್ನೊಂದು ಕಾಟ, ಸೊಂಟಕ್ಕೆ ಕಟ್ಟೋ ಟ್ರಾನ್ಸ್‌ಮಿಟರ್ ಪ್ಯಾಕು ಒದ್ದೆ ಮೈಗೆ ಅಂಟ್ಕೊಂಡ್ರೆ ರೇಂಜ್ ಅರ್ಧಕ್ಕೆ ಬಿದ್ದ ಹಾಗೆ. ನಾವು ಪ್ಯಾಕಿಗೆ ಕಾಂಡೋಮ್ ಹಾಕ್ತೀವಿ (ಎಣ್ಣೆ ಸವರದೇ ಇರೋದು), ಮೆಡಿಕಲ್ ಶಾಪಲ್ಲಿ ಇಪ್ಪತ್ತು ಒಟ್ಟಿಗೆ ಕೇಳಿದಾಗ ಅವರು ನೋಡೋ ನೋಟ ಬೇರೇನೇ ಕಥೆ.

ತುಮಕೂರಿನ ಆ ಫಿಕ್ಸೆಡ್ ಸೆಟ್ಟನ್ನ ಮಾರಿದೆ. ಮದುವೆ ಆರ್ಡರ್ ಬಂದ್ರೆ ಈಗ ಮೊದಲು ನೋಡೋದು ಎಷ್ಟು ಕಾರ್ಡ್‌ಲೆಸ್ ಕಮ್ಮಿ ಮಾಡಬಹುದು ಅಂತ. ಪುರೋಹಿತ್ರು ಹೇಗೂ ಹೋಮದ ಮುಂದಿಂದ ಎದ್ದು ಓಡಾಡಲ್ಲ, ಅವರಿಗೆ ವೈರ್ ಮೈಕೇ ಕೊಡ್ತೀನಿ.