ಫೋನ್ ಇರುವಾಗ ಪೋಲರಾಯ್ಡ್ ಯಾಕೆ?

ಪ್ರಶ್ನೆ: ಅಟ್ಟ ಗುಡಿಸುವಾಗ ಹಳೆಯ ಪೋಲರಾಯ್ಡ್ ಕ್ಯಾಮೆರಾ ಸಿಕ್ಕಿತು, ಫೋಟೋ ತೆಗೆದ ಕೂಡಲೇ ಕಾಗದ ಹೊರಬರುತ್ತದಲ್ಲ, ಅದು. ದೊಡ್ಡಪ್ಪ ‘ಎಸೆದುಬಿಡು’ ಅಂದರು. ಜನ ಇವತ್ತಿಗೂ ಇದಕ್ಕೆ ಮರುಳಾಗುವುದು ಯಾಕೆ? ನಾನೂ ಫಿಲ್ಮ್ ಹಾಕಿ ನೋಡಲಾ?
– ಸೋಮವಾರಪೇಟೆಯ ಓದುಗರೊಬ್ಬರು

ಉತ್ತರ: ಚೆನ್ನಾಗಿರುವ ಫೋಟೋ ಬೇಕು ಅಂದರೆ ಫೋನೇ ಸಾಕು. ಪೋಲರಾಯ್ಡ್ ಫೋಟೋ ಸ್ವಲ್ಪ ಮಸುಕು, ದುಡ್ಡೂ ಜಾಸ್ತಿ. ಒಂದು ಫಿಲ್ಮ್ ಪ್ಯಾಕಿಗೆ ಬರುವುದು 8 ಫೋಟೋ ಅಷ್ಟೇ.

ಒಮ್ಮೆ ಹುತ್ತರಿಯ ಮರುದಿನ ಬೆಳಗ್ಗೆ ಪಕ್ಕದ ಮನೆ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ ಒಂದು ಫೋಟೋ ತೆಗೆದೆ. ಕಾಗದ ಹೊರಬಂತು, ಅದರಲ್ಲಿ ಏನೂ ಇಲ್ಲ. ‘ಹಾಳಾಯ್ತಾ ಮಗ?’ ಅಂದರು ಅಜ್ಜಿ. ನಾನು ಅದನ್ನು ಸ್ವೆಟರ್ ಒಳಗೆ ಇಟ್ಟುಕೊಂಡೆ. 13 ಡಿಗ್ರಿಗಿಂತ ಚಳಿ ಇದ್ದರೆ ಬಣ್ಣ ನೀಲಿಗೆ ತಿರುಗುತ್ತದೆ, ನಮ್ಮ ಡಿಸೆಂಬರ್ ಬೆಳಗು ನಿಮಗೆ ಗೊತ್ತಲ್ವಾ! ಹತ್ತು ಹದಿನೈದು ನಿಮಿಷ ಮನೆಮಂದಿಯೆಲ್ಲ ಕಾಫಿ ಲೋಟ ಹಿಡಿದು ನನ್ನ ಸುತ್ತ ನಿಂತರು. ಮೊದಲು ಹಿಂದಿನ ಕಪ್ಪು ಬಾಗಿಲು ಮೂಡಿತು, ಆಮೇಲೆ ಸೀರೆಯ ಅಂಚು, ಕೊನೆಗೆ ಮುಖ. ಅಜ್ಜಿ ಅದನ್ನು ತೆಗೆದುಕೊಂಡು ಹೋಗಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದರು. ನೆಗೆಟಿವ್ ಇಲ್ಲ, ಹಾಗಾಗಿ ನನ್ನ ಹತ್ತಿರ ಅದು ಈಗ ಇಲ್ಲ. ಅದೇ ದಿನ ಫೋನಿನಲ್ಲಿ ತೆಗೆದ ನಲವತ್ತು ಫೋಟೋ ಇವೆ, ಅವನ್ನು ಯಾರೂ ಕೇಳಿಲ್ಲ.

ಈ ಕ್ಯಾಮೆರಾ ಹುಟ್ಟಿದ್ದೇ ಇಂಥ ಆತುರದಿಂದ. 1943ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ರಜೆಯಲ್ಲಿ ಮಗಳ ಫೋಟೋ ತೆಗೆದರು. ‘ಈಗಲೇ ಯಾಕೆ ನೋಡೋಕಾಗಲ್ಲ?’ ಅಂತ ಮೂರು ವರ್ಷದ ಮಗು ಕೇಳಿತು. 1948ರಲ್ಲಿ ಅವರ ಕ್ಯಾಮೆರಾ ಬಾಸ್ಟನ್ನಿನ ಅಂಗಡಿಗೆ ಬಂತು. ಫೋಟೋ ತಾನಾಗಿ ಹೊರಬಂದು ಕಣ್ಣೆದುರೇ ಮೂಡುವ ಎಸ್‌ಎಕ್ಸ್-70 ಬಂದದ್ದು 1972ರಲ್ಲಿ.

ಫೋಟೋದ ಕೆಳಗಿನ ಬಿಳಿ ಅಂಚು ಅಗಲ ಇರುತ್ತದಲ್ಲ, ಅದು ಚೆಂದಕ್ಕೆ ಅಲ್ಲ. ರಾಸಾಯನಿಕದ ಪುಟ್ಟ ಚೀಲ ಅಲ್ಲೇ ಇರುತ್ತದೆ. ಕಾಗದ ಎರಡು ರೋಲರ್ ನಡುವೆ ನುಗ್ಗಿ ಬರುವಾಗ ಚೀಲ ಒಡೆದು ರಸ ಒಳಗೆಲ್ಲ ಸವರಿಕೊಳ್ಳುತ್ತದೆ. ಮೊದಲ ಕೆಲವು ನಿಮಿಷ ಆ ರಸವೇ ಪರದೆಯಾಗಿ ಬೆಳಕನ್ನು ತಡೆಯುತ್ತದೆ. ಸುಮ್ನೆ ಬೀಸಿ ಒಣಗಿಸಬೇಡಿ. ಅದು ಹಸಿ ಕಾಗದ ಸುಲಿದು ತೆಗೆಯುತ್ತಿದ್ದ ಹಳೆಯ ಫಿಲ್ಮ್ ಕಾಲದ ಅಭ್ಯಾಸ.

2008ರಲ್ಲಿ ಪೋಲರಾಯ್ಡ್ ಕಂಪನಿ ಫಿಲ್ಮ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಕೆಲವರು ಸೇರಿ ನೆದರ್ಲೆಂಡ್ಸ್‌ನ ಕೊನೆಯ ಕಾರ್ಖಾನೆಯ ಯಂತ್ರಗಳನ್ನು ಉಳಿಸಿಕೊಂಡು, 2010ರಿಂದ ಹೊಸ ಫಿಲ್ಮ್ ಮಾರತೊಡಗಿದರು. ಇವತ್ತು ನಿಮಗೆ ಫಿಲ್ಮ್ ಸಿಗುತ್ತಿರುವುದು ಅವರ ಹಠದಿಂದ.

ಈಗ ನಿಮ್ಮ ಕ್ಯಾಮೆರಾ. ಮೇಲೆ 600 ಅಂತ ಬರೆದಿದ್ದರೆ ಅದೃಷ್ಟ, ಅದರ ಫಿಲ್ಮ್ ಈಗಲೂ ಸಿಗುತ್ತದೆ. ಬ್ಯಾಟರಿ ಫಿಲ್ಮ್ ಪ್ಯಾಕಿನಲ್ಲೇ ಇರುತ್ತದೆ, ಹಾಗಾಗಿ ಎಷ್ಟೋ ವರ್ಷ ಮಲಗಿದ್ದ ಕ್ಯಾಮೆರಾ ಕೂಡ ಪ್ಯಾಕ್ ಹಾಕಿದ ಕೂಡಲೇ ಎದ್ದು ಕೂರಬಹುದು. ಹೊಸ ಕ್ಯಾಮೆರಾಗಳಿಗೆ ಬರುವ ಐ-ಟೈಪ್ ಫಿಲ್ಮ್ ಮಾತ್ರ ತರಬೇಡಿ, ಅದರಲ್ಲಿ ಬ್ಯಾಟರಿ ಇಲ್ಲ. ಸುರುಳಿ ಫಿಲ್ಮಿನ ಕಾಲದ್ದಾದರೆ ಆ ಫಿಲ್ಮ್ ಈಗ ತಯಾರಾಗುವುದಿಲ್ಲ, ಷೋಕೇಸಿಗೇ ಸರಿ.

ಮೊದಲು ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು ಹಿಡಿದಿದೆ. ನಮ್ಮ ಮಳೆಗಾಲ ಚಪ್ಪಲಿಯನ್ನೇ ಬಿಡುವುದಿಲ್ಲ, ಇನ್ನು ಲೆನ್ಸ್ ಬಿಟ್ಟೀತಾ? ಚರ್ಮದ ಚೀಲದಲ್ಲಿಟ್ಟು ನನ್ನ ಒಂದು ಕ್ಯಾಮೆರಾ ಹೋಯಿತು. ಈಗ ಗಾಳಿಯಾಡದ ಡಬ್ಬಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್. ಫಿಲ್ಮನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಬಳಸುವ ಮುಂಚೆ ಒಂದೆರಡು ಗಂಟೆ ಹೊರಗಿಡಿ.

ದೊಡ್ಡಪ್ಪನನ್ನು ಬೆಳಕಿರುವಾಗಲೇ ಅಂಗಳಕ್ಕೆ ಕರೆಯಿರಿ. ಒಂದು ಫೋಟೋ ಅವರಿಗೆ ಹೋದರೂ ನಿಮಗೆ ಏಳು ಉಳಿಯುತ್ತವೆ.