ಮಟಮಟ ಮಧ್ಯಾಹ್ನದ ನೆರಳು

ಸೂರ್ಯ ನೆತ್ತಿಯ ಮೇಲೆ ಬರುವುದು ಯಾವಾಗ ಎಂದು ಐದನೇ ತರಗತಿಯಲ್ಲಿ ಕೇಳಿ ನೋಡಿ. "ದಿನಾ ಹನ್ನೆರಡು ಗಂಟೆಗೆ, ಮಿಸ್!" ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. 'ದಿನಾ' ಎಂಬುದೂ ತಪ್ಪು, 'ಹನ್ನೆರಡು' ಎಂಬುದೂ ತಪ್ಪು. ಆದರೆ ಬಾಯಲ್ಲಿ ತಿದ್ದಬೇಡಿ, ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯಿರಿ ಎಂದು ತರಬೇತಿಗೆ ಬರುವ ಶಿಕ್ಷಕರಿಗೆ ನಾನು ಹೇಳುತ್ತೇನೆ.

ಒಂದು ಮೀಟರ್ ಉದ್ದದ ನೇರ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ವಾಲಿಲ್ಲವೆಂದು ಖಚಿತ ಮಾಡಿಕೊಳ್ಳಿ. ವಾಲಿದ್ದರೆ ಅಳತೆಯೆಲ್ಲ ದಂಡ. 11.45ರಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಮಕ್ಕಳೇ ಗುರುತು ಹಾಕಲಿ. ಸೂರ್ಯನನ್ನು ಯಾರೂ ನೇರವಾಗಿ ನೋಡಬಾರದು.

ಬೆಂಗಳೂರಿನಲ್ಲಿ ನೆರಳು ಅತಿ ಗಿಡ್ಡವಾಗುವುದು ಸುಮಾರು 12.20ಕ್ಕೆ, ತಿಂಗಳಿಗೆ ತಕ್ಕಂತೆ ಕಾಲು ಗಂಟೆಯಷ್ಟು ಹಿಂದುಮುಂದಾಗುತ್ತದೆ. ನಮ್ಮ ಗಡಿಯಾರ ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ, ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಈ ಲೆಕ್ಕವನ್ನು ಮಕ್ಕಳೇ ಮಾಡಬಲ್ಲರು.

ನಿಜವಾದ ಸೊಗಸು ಇರುವುದು ಇದನ್ನೇ ವರ್ಷವಿಡೀ ಮಾಡುವುದರಲ್ಲಿ. ಅದೇ ಕೋಲಿನ ಮಧ್ಯಾಹ್ನದ ನೆರಳು ಡಿಸೆಂಬರ್ ಕೊನೆಯಲ್ಲಿ ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚಿರುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ನೆರಳೇ ಇಲ್ಲ! ಜೂನ್ 21ರಂದು ಮತ್ತೆ 18 ಸೆಂಟಿಮೀಟರ್‌ನಷ್ಟು ಕಾಣಿಸುತ್ತದೆ, ಆದರೆ ದಕ್ಷಿಣಕ್ಕೆ. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಾಯ. ಇಡೀ ಕರ್ನಾಟಕ ಕರ್ಕಾಟಕ ವೃತ್ತಕ್ಕಿಂತ ದಕ್ಷಿಣದಲ್ಲಿರುವುದರಿಂದ ನಮ್ಮ ಪ್ರತಿ ಊರಿಗೂ ಇಂಥ ಎರಡು ದಿನಗಳುಂಟು. ಬೀದರಿನಲ್ಲಿ ಮೊದಲನೆಯದು ಮೇ ಎರಡನೇ ವಾರದಲ್ಲಿ ಬರುತ್ತದೆ. ದೆಹಲಿಯ ಮಕ್ಕಳಿಗೆ ಈ ಭಾಗ್ಯವೇ ಇಲ್ಲ.

ತೊಡಕೂ ಇದೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಹಾಗಾಗಿ ಬಾನು ತಿಳಿಯಾಗಿರುವ ಡಿಸೆಂಬರ್‌ನಲ್ಲೇ ಶುರುಮಾಡುವುದು ಒಳ್ಳೆಯದು. ಗುರುತುಗಳನ್ನು ಬಣ್ಣದಲ್ಲಿ ಬರೆದಿಡಿ. ರಜೆ ಮುಗಿದ ಮೇಲೆ ಜೂನ್‌ನಲ್ಲಿ ಬಿಸಿಲು ಬಂದ ದಿನ ಅದೇ ಜಾಗದಲ್ಲಿ ಕೋಲು ನೆಡಿ.

ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಎಂಬ ಮಾತನ್ನು ಅಲ್ಲಿಯವರೆಗೆ ತಡೆದಿಟ್ಟುಕೊಳ್ಳಿ. ನೆರಳು ಪಕ್ಕ ಬದಲಿಸಿದ್ದು ಕಂಡು ಯಾವುದಾದರೂ ಮಗು "ಯಾಕೆ?" ಎಂದು ಕೇಳಿಯೇ ಕೇಳುತ್ತದೆ. ಆಗ ಗ್ಲೋಬ್ ತನ್ನಿ, ಬೆಂಗಳೂರಿನ ಮೇಲೆ ಜೇಡಿಮಣ್ಣಿನಿಂದ ಗುಂಡುಸೂಜಿ ನಿಲ್ಲಿಸಿ, ಕತ್ತಲೆ ಕೋಣೆಯಲ್ಲಿ ದೂರದಿಂದ ಟಾರ್ಚ್ ಹಿಡಿಯಿರಿ.